ಮಳೆ ಬಂತು, ಬೇರಿಗೆ ಮುಟ್ಟಿತೇ?

ವಾರಗಟ್ಟಲೆ ಒಣಗಿ ಬಿರುಕುಬಿಟ್ಟು ಕೂತಿದ್ದ ಕೈತೋಟದ ಮೇಲೆ ವಸಂತದ ಮಳೆ ಸುರಿದ ಸಂಜೆ, ಮನೆಯೊಳಗೆ ಕೂರಲು ಮನಸ್ಸೇ ಬಾರದು. ಧೂಳು ತೊಳೆದುಹೋಗಿ ಗಿಡಗಳೆಲ್ಲ ಮಿಂದು ನಿಂತಂತಿರುತ್ತವೆ. ಮಣ್ಣಿನ ಬ್ಯಾಕ್ಟೀರಿಯಾಗಳು ತಯಾರಿಸಿದ ಜಿಯೋಸ್ಮಿನ್ ಎಂಬ ವಾಸನೆಯ ವಸ್ತು ಮಳೆಹನಿಗಳ ಹೊಡೆತಕ್ಕೆ ಗಾಳಿಗೇರಿ ಘಮಘಮಿಸುತ್ತದೆ. ಆದರೆ ಘಮ ಏಳಲು ಮೇಲ್ಮಣ್ಣು ನೆನೆದರೆ ಸಾಕು. ಒಂದು ವರ್ಷ ಇಂಥದೇ ಮಳೆ ನಂಬಿ ನಾಲ್ಕು ದಿನ ನೀರು ಹಾಕದೆ ಬಿಟ್ಟೆ. ಬದನೆ ಸಸಿಗಳು ಜೋತುಬಿದ್ದ ಮೇಲೆ ಅಗೆದು ನೋಡಿದರೆ, ಎರಡು ಬೆರಳಿನ ಕೆಳಗೆ ಹಿಟ್ಟಿನಂಥ ಒಣಮಣ್ಣು!

ಹಾಗಾಗಿ ಮೊದಲ ಕೆಲಸ ಅಗೆದು ನೋಡುವುದು. ಗಿಡದಿಂದ ತುಸು ದೂರದಲ್ಲಿ 15 ಸೆಂ.ಮೀ. ಆಳದ ಗುಂಡಿ ತೋಡಿ, ತಳದ ಮಣ್ಣು ಮುಟ್ಟಿ. ತಣ್ಣಗೆ, ಹಸಿಯಾಗಿದ್ದರೆ ಸರಿ. ಬಯಲಿನಲ್ಲಿ ನೇರ ಬದಿಯ ಡಬ್ಬಿಯೊಂದನ್ನು ಇಟ್ಟಿದ್ದರೆ ಲೆಕ್ಕ ಇನ್ನೂ ಸುಲಭ: ಡಬ್ಬಿಯಲ್ಲಿ 1 ಮಿ.ಮೀ. ನೀರು ನಿಂತಿದ್ದರೆ, ಒಂದು ಚದರ ಮೀಟರ್ ನೆಲಕ್ಕೆ 1 ಲೀಟರ್ ಬಿದ್ದಿದೆ ಎಂದರ್ಥ. ಜೋರಾಗಿ ಸದ್ದು ಮಾಡಿ ಹೋದ ಮಳೆಯೂ ಎಷ್ಟೋ ಸಲ 5 ಮಿ.ಮೀ. ದಾಟಿರುವುದಿಲ್ಲ. ಅಂದರೆ ಚದರ ಮೀಟರಿಗೆ ಅರ್ಧ ಬಕೆಟ್ಟೂ ಇಲ್ಲ.

ತಳ ಒಣಗಿದ್ದರೆ ಕೂಡಲೇ ನೀರು ಹಾಕಿ. ಮಳೆ ಬಂದ ಮೇಲೆ ನೀರೇ ಎಂದು ನೋಡಿದವರು ಕೇಳಬಹುದು. ಆದರೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಬಹಳ ಒಣಗಿದ ಮಣ್ಣಿನ ಕಣಗಳ ಮೇಲೆ ಮೇಣದಂಥ ಪದರ ಇರುವುದರಿಂದ ನೀರು ಇಳಿಯದೆ ಜಾರುತ್ತದೆ. ಮಳೆ ಆ ಪದರವನ್ನು ನೆನೆಸಿ ಮೆದು ಮಾಡಿರುತ್ತದೆ, ಈಗ ಹಾಕಿದ ನೀರು ನೇರ ಕೆಳಗಿಳಿಯುತ್ತದೆ. ಕುಂಡಗಳ ಕಥೆ ಬೇರೆ. ಅವುಗಳ ಮಣ್ಣು ಕುಗ್ಗಿ ಅಂಚು ಬಿಟ್ಟಿದ್ದರೆ, ಬಿದ್ದ ನೀರೆಲ್ಲ ಆ ಸಂದಿಯಿಂದ ತಳಕ್ಕೆ ಓಡಿಹೋಗುತ್ತದೆ. ಚಿಕ್ಕ ಕುಂಡಗಳನ್ನು ಬಕೆಟ್ ನೀರಿನಲ್ಲಿ ಇಳಿಸಿ, ಗುಳ್ಳೆ ನಿಲ್ಲುವವರೆಗೆ ಇಟ್ಟು ತೆಗೆಯಿರಿ.

ಆಮೇಲೆ ಕಾಯಬೇಕು. ಉತ್ಸಾಹದಲ್ಲಿ ಹಸಿ ಪಾತಿಗೆ ಕಾಲಿಟ್ಟರೆ ಮಣ್ಣಿನೊಳಗಿನ ಗಾಳಿಯ ಸಂದುಗಳು ಮುಚ್ಚಿ, ಒಣಗಿದಾಗ ಹೆಂಟೆಯಾಗುತ್ತದೆ. ಒಂದು ಹಿಡಿ ಮಣ್ಣು ಅದುಮಿ ನೋಡಿ. ಉಂಡೆ ಕಟ್ಟಿ, ಬೆರಳು ತಾಗಿಸಿದರೆ ಪುಡಿಯಾಗುವಂತಿದ್ದರೆ ಹದ ಬಂದಿದೆ. ಅಂಟಿಕೊಂಡರೆ ಇನ್ನೊಂದು ದಿನ ಬಿಡಿ. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಕಷ್ಟದ ಭಾಗ ಇದೇ.

ಹದ ಸಿಕ್ಕ ದಿನ ಕೈ ಚುರುಕಾಗಲಿ. ಮೇಲ್ಮೈ ಹೆಪ್ಪುಗಟ್ಟಿದ್ದರೆ ಕಳೆಗುದ್ದಲಿಯಿಂದ ಹಗುರವಾಗಿ ಕೆದಕಿ. ಆಗಷ್ಟೇ ಮೊಳೆತ ಕಳೆಗಳೂ ಅದೇ ಏಟಿಗೆ ಹೋಗುತ್ತವೆ; ಎರಡು ವಾರ ಬಿಟ್ಟರೆ ಒಂದೊಂದನ್ನೂ ಬೇರುಸಮೇತ ಕೀಳಬೇಕು. ಬಿತ್ತನೆ, ಸಸಿ ನಾಟಿಯೂ ಈ ದಿನವೇ ಆಗಲಿ. ಕೊನೆಗೆ ತರಗೆಲೆಯನ್ನೋ ಒಣಹುಲ್ಲನ್ನೋ 5ರಿಂದ 8 ಸೆಂ.ಮೀ. ದಪ್ಪಕ್ಕೆ ಹೊದಿಸಿ. ಒಣನೆಲಕ್ಕೆ ಮೊದಲೇ ಹೊದಿಸಿಟ್ಟರೆ ಸಣ್ಣ ಮಳೆಯನ್ನೆಲ್ಲ ಹೊದಿಕೆಯೇ ಕುಡಿಯುತ್ತದೆ; ನೆನೆದ ನೆಲಕ್ಕೆ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ. ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಬಿಡಿ, ಇಲ್ಲದಿದ್ದರೆ ಬುಡ ಕೊಳೆಯುತ್ತದೆ.

ಗೊಬ್ಬರಕ್ಕೆ ಅವಸರ ಬೇಡ. ಒಣಗಿದ್ದ ಮಣ್ಣು ನೆನೆದಾಗ ಸೂಕ್ಷ್ಮಜೀವಿಗಳು ಒಮ್ಮೆಲೇ ಚುರುಕಾಗಿ ಸಾರಜನಕ ಬಿಡುಗಡೆ ಮಾಡುತ್ತವೆ. ಮಳೆಯ ನಂತರ ಗಿಡ ಹೊಸ ಹಸಿರು ಹೊದೆಯುವುದರಲ್ಲಿ ಅದರ ಪಾಲೂ ಇದೆ. ಹತ್ತು ದಿನ ಬಿಟ್ಟು, ಎಲೆಗಳ ಬಣ್ಣ ನೋಡಿ ತೀರ್ಮಾನಿಸಿ.

ಬಣ್ಣ ತಿರುಗಿದ ಟೊಮೆಟೊ ಇದ್ದರೆ ಬಿಡಿಸಿಕೊಳ್ಳಿ. ಒಣಗಿ ಬಿಗಿದ ಸಿಪ್ಪೆಯೊಳಗೆ ನೀರು ಒಮ್ಮೆಲೇ ನುಗ್ಗಿ ಹಣ್ಣು ಸೀಳುತ್ತದೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಒಂದು ಸುತ್ತು ಹೋದರೆ, ಬಚ್ಚಿಟ್ಟುಕೊಂಡಿದ್ದ ಬಸವನಹುಳುಗಳು ಎಳೆಚಿಗುರಿನ ಮೇಲೇ ಸಿಗುತ್ತವೆ, ಕೈಯಿಂದಲೇ ಆರಿಸಿ. ಹಾಗೆಯೇ ಕುಂಡದಡಿಯ ತಟ್ಟೆಗಳ ನೀರನ್ನೂ ಚೆಲ್ಲಿ ಬನ್ನಿ. ನಿಂತ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು.