ಎಲ್‌ಕ್ಯೂಎ ಶೀಟ್ ಬಂದಾಗ ನಾನು ಮಾಡುವುದು ಇಷ್ಟು

ಫ್ರೀಲ್ಯಾನ್ಸ್ ಅನುವಾದಕ್ಕೆ ಇಳಿದವರ ಕಿವಿಗೆ ಎಲ್‌ಕ್ಯೂಎ, ಅಂದರೆ ಅನುವಾದದ ಗುಣಮಟ್ಟದ ತಪಾಸಣೆ, ಅನ್ನೋದು ಬೇಗ ಬೀಳುತ್ತದೆ. ನಾವು ಮಾಡಿಕೊಟ್ಟ ಫೈಲಿನ ಒಂದಷ್ಟು ಭಾಗವನ್ನು ಏಜೆನ್ಸಿ ನಮ್ಮ ಹಾಗೇ ಫ್ರೀಲ್ಯಾನ್ಸ್ ಮಾಡುವ ಇನ್ನೊಬ್ಬ ಕನ್ನಡ ಅನುವಾದಕರಿಗೆ ಕಳಿಸುತ್ತದೆ. ಅವರು ತಪ್ಪು ಹುಡುಕಿ, ಅದು ಯಾವ ಬಗೆಯದು, ಎಷ್ಟು ದೊಡ್ಡದು ಅಂತ ಶೀಟಿನಲ್ಲಿ ತುಂಬುತ್ತಾರೆ. ಮುಂದಿನ ಕೆಲಸ ಸಿಗುವುದು ಬಿಡುವುದು ಬಹಳ ಸಲ ಈ ಅಂಕದ ಮೇಲೇ ಇರುತ್ತದೆ.

ಲೆಕ್ಕ ಸಾಮಾನ್ಯವಾಗಿ ಎಂಕ್ಯೂಎಂ ಅನ್ನುವ, ತಪ್ಪಿನ ತೂಕಕ್ಕೆ ತಕ್ಕಂತೆ ಪಾಯಿಂಟ್ ಹಾಕುವ ಮಾದರಿಯದು. ಮೈನರ್ ತಪ್ಪಿಗೆ 1, ಮೇಜರ್‌ಗೆ 5, ಕ್ರಿಟಿಕಲ್‌ಗೆ ಇನ್ನೂ ಬಹಳ ಜಾಸ್ತಿ. ಮಾತ್ರೆಯ ಪ್ರಮಾಣ 5 ಮಿ.ಗ್ರಾಂ ಇದ್ದದ್ದು 50 ಆದರೆ ಅದು ಕ್ರಿಟಿಕಲ್. ನಾನು ಮೊದಲು ನೋಡುವುದು ಅಂಕವನ್ನಲ್ಲ, ಎಷ್ಟು ಪದ ಪರೀಕ್ಷೆ ಮಾಡಿದ್ದಾರೆ ಅನ್ನುವುದನ್ನು. ನಾಲ್ಕು ಮೈನರ್, ಎರಡು ಮೇಜರ್ ಅಂದರೆ 14 ಪಾಯಿಂಟ್. ನೂರು ಪದಕ್ಕೆ ಎಷ್ಟು ಪಾಯಿಂಟ್ ಬೀಳುತ್ತದೋ ಅಷ್ಟನ್ನು 100ರಿಂದ ಕಳೆದರೆ ಸಿಗುವುದೇ ಅಂಕ. 1000 ಪದದಲ್ಲಿ ಅಷ್ಟಿದ್ದರೆ 98.6, ಅದೇ 500 ಪದದಲ್ಲಿ 97.2. ಪಾಸ್ 98ಕ್ಕೆ ಇಟ್ಟಿದ್ದರೆ ಮೊದಲನೆಯದು ಪಾಸ್, ಎರಡನೆಯದು ಫೇಲ್. ಒಂದೇ ತಪ್ಪು ಐದು ಸಲ ಬಂದರೆ ಒಂದು ಅಂತ ಎಣಿಸುತ್ತಾರೋ ಐದು ಅಂತಲೋ, ಅದನ್ನೂ ಮೊದಲೇ ಪ್ರಾಜೆಕ್ಟ್ ಮ್ಯಾನೇಜರ್ ಹತ್ತಿರ ಕೇಳಿಟ್ಟುಕೊಳ್ಳುತ್ತೇನೆ.

ಆಮೇಲೆ ಸಾಲು ಸಾಲಾಗಿ ಉತ್ತರ ಬರೆಯುತ್ತೇನೆ. ಇದನ್ನು ದಯವಿಟ್ಟು ಬಿಡಬೇಡಿ. ತಪ್ಪಿದ್ದರೆ ‘ಒಪ್ಪಿದೆ’ ಅಂತ ಒಂದೇ ಮಾತು, ವಾದ ಬೇಡ. ಇಲ್ಲದಿದ್ದರೆ ಗ್ಲಾಸರಿಯ (ಯಾವ ಪದಕ್ಕೆ ಯಾವ ಪದ ಅನ್ನುವ ಪಟ್ಟಿ) ಸಾಲೋ ಸ್ಟೈಲ್ ಗೈಡಿನ (ಬರವಣಿಗೆಯ ನಿಯಮಗಳ ಕೈಪಿಡಿ) ಪುಟವೋ ತೋರಿಸಿ ಕಾರಣ ಕೊಡಬೇಕು. ಆ್ಯಪ್ ಒಂದರಲ್ಲಿ ಹೆಸರು ಬರುವ ಜಾಗದ ಮುಂದೆ ನಾನು ‘ಅವರಿಗೆ’ ಅಂತ ಸೇರಿಸಿದ್ದೆ. ರಿವ್ಯೂವರ್ ಅದನ್ನು ಮೂಲದಲ್ಲಿಲ್ಲದ ಸೇರ್ಪಡೆ ಅಂತ ಮೇಜರ್ ಹಾಕಿದರು. ಆದರೆ ಆ ಜಾಗದಲ್ಲಿ ಯಾರ ಹೆಸರು ಬೇಕಾದರೂ ಬರಬಹುದು. ರಮೇಶ ಬಂದರೆ ‘ನಿಗೆ’, ಗೀತಾ ಬಂದರೆ ‘ಗೆ’, ಹೀಗೆ ಪ್ರತ್ಯಯ ಬದಲಾಗುತ್ತದೆ, ಅಲ್ವಾ? ‘ಅವರಿಗೆ’ ಅಂದರೆ ಯಾವ ಹೆಸರಿಗೂ ಹೊಂದುತ್ತದೆ. ಇಷ್ಟು ಬರೆದು ಕಳಿಸಿದೆ, ಮಾರ್ಕ್ ವಾಪಸ್ ತೆಗೆದರು. ಸುಮ್ನೆ ಇದ್ದಿದ್ದರೆ ಅದು ನನ್ನ ಹೆಸರಿನ ಮುಂದೆ ಹಾಗೇ ಉಳಿಯುತ್ತಿತ್ತು. ಇಬ್ಬರೂ ಒಪ್ಪದಿದ್ದರೆ ಮೂರನೆಯವರು ನೋಡಿ ತೀರ್ಮಾನ ಮಾಡುತ್ತಾರೆ, ಅಲ್ಲಿಗೆ ಹೋಗಲು ಹಿಂಜರಿಯಬಾರದು.

ಜಾಸ್ತಿ ಜಗಳ ಆಗುವುದು ಅಭಿರುಚಿಯ ವಿಷಯಕ್ಕೆ. ಧಾರವಾಡದವರು ಬರೆದದ್ದು ಮೈಸೂರಿನವರ ಕಿವಿಗೆ ಬೇರೆ ಥರ ಕೇಳಿಸಬಹುದು, ಹಾಗಂತ ಅದು ತಪ್ಪಲ್ಲ. ‘ಉಳಿಸಿ’ ಇದ್ದದ್ದನ್ನು ‘ಸೇವ್ ಮಾಡಿ’ ಅಂತ ತಿದ್ದಿ, ಗ್ಲಾಸರಿಯಲ್ಲಿ ಏನಿದೆ ಅಂತಲೂ ನೋಡದೆ ಅಂಕ ಕಳೆಯುವುದು ನನ್ನ ಪ್ರಕಾರ ಅನ್ಯಾಯವೇ. ಎದುರಿಗಿರುವವರ ಅನ್ನದ ಪ್ರಶ್ನೆ ಅದು.

ನಾನೇ ರಿವ್ಯೂ ಮಾಡುವಾಗ ಮೊದಲ ಓದಿನಲ್ಲಿ ಏನನ್ನೂ ಮುಟ್ಟುವುದಿಲ್ಲ. ಎರಡನೇ ಓದಿನಲ್ಲಿ, ಯಾವ ನಿಯಮ ಮುರಿದಿದೆ ಅಂತ ನನಗೆ ತೋರಿಸಲು ಆಗುವುದನ್ನು ಮಾತ್ರ ಗುರುತಿಸುತ್ತೇನೆ. ಬರೀ ಇಷ್ಟವಾಗದ್ದು ಸಲಹೆಯ ಕಾಲಮ್ಮಿಗೆ ಹೋಗುತ್ತದೆ, ಅದಕ್ಕೆ ಸೊನ್ನೆ ಪಾಯಿಂಟ್. ಚೆನ್ನಾಗಿ ಬಂದ ವಾಕ್ಯ ಕಂಡರೆ ಅದನ್ನೂ ಅಲ್ಲೇ ಬರೆಯುತ್ತೇನೆ. ಸ್ಟೈಲ್ ಗೈಡ್, ಗ್ಲಾಸರಿ ಏನೂ ಕೊಡದೆ ಬರೀ ಫೈಲ್ ಕಳಿಸಿ ಅಂಕ ಹಾಕಿ ಅಂದರೆ ಆ ಕೆಲಸವನ್ನು ಒಪ್ಪಿಕೊಳ್ಳುವುದೇ ಇಲ್ಲ.