ನೋಟಿಸ್ ಕೊಟ್ಮೇಲೆ ಮನೆ ನೋಡೋಕೆ ಬರೋರನ್ನ ಹೆಂಗೆ ನಿಭಾಯಿಸೋದು: ಹಾಸನದ ಬಾಡಿಗೆದಾರರಿಗೆ

ಮನೆ ಖಾಲಿ ಮಾಡ್ತೀವಿ ಅಂತ ಹೇಳಿ ಗೇಟಿಗೆ ಟು-ಲೆಟ್ ಬೋರ್ಡ್ ಬಿತ್ತು ಅಂದ್ರೆ ಮಾರನೇ ದಿನದಿಂದ್ಲೇ ಜನ ಬರೋಕೆ ಶುರು. ಬೆಳಿಗ್ಗೆ ದೋಸೆ ಹುಯ್ಯೋ ಹೊತ್ತಿಗೆ ಒಬ್ರು, ಮಧ್ಯಾಹ್ನ ಮಗು ಮಲಗಿದಾಗ ಇನ್ನೊಬ್ರು, ರಾತ್ರಿ ಒಂಬತ್ತಕ್ಕೆ ಬ್ರೋಕರ್ ಜೊತೆ ಒಂದು ಇಡೀ ಫ್ಯಾಮಿಲಿ. ಸಾಲಗಾಮೆ ರೋಡ್ ಕಡೆ ಮಲೆನಾಡು ಇಂಜಿನಿಯರಿಂಗ್ ಕಾಲೇಜು, ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಎಲ್ಲ ಇರೋದ್ರಿಂದ ಅಲ್ಲಿ ಮನೆ ಕೇಳೋರು ಯಾವಾಗ್ಲೂ ಇರ್ತಾರೆ, ವಿದ್ಯಾನಗರ ಕುವೆಂಪುನಗರದಲ್ಲೂ ಅಷ್ಟೇ. ಈ ಒಂದೆರಡು ತಿಂಗಳಲ್ಲಿ ಎಷ್ಟೋ ವರ್ಷ ಚೆನ್ನಾಗಿದ್ದ ಓನರ್ರು ಬಾಡಿಗೆದಾರರು ಮುಖ ಕೊಟ್ಟು ಮಾತಾಡದ ಹಾಗೆ ಆಗ್ಬಿಡ್ತಾರೆ, ಬಹಳ ಸಲ ಅದಕ್ಕೆ ಕಾರಣ ದುಡ್ಡೂ ಅಲ್ಲ, ಹೇಳದೆ ಕೇಳದೆ ಜನ ಬಂದು ಬಾಗಿಲು ಬಡಿಯೋದು. ಮೊದಲನೇ ವಾರದಲ್ಲೇ ಕೂತು ಟೈಮ್ ಮಾತಾಡಿಕೊಂಡ್ರೆ ಇದರಲ್ಲಿ ಮುಕ್ಕಾಲು ಪಾಲು ತಪ್ಪುತ್ತೆ.

ಮೊದಲು ಕಾನೂನು ಎಲ್ಲಿ ನಿಂತಿದೆ ಅಂತ ತಿಳ್ಕೊಳ್ಳಿ, ಜಗಳ ಆಡೋಕಲ್ಲ, ನಿಮಗೇ ಒಂದು ಧೈರ್ಯ ಇರುತ್ತೆ ಅಂತ. ನೋಟಿಸ್ ಕೊಟ್ಟ ತಕ್ಷಣ ಮನೆ ಓನರ್ ಕೈಗೆ ವಾಪಸ್ ಹೋಗಲ್ಲ, ನೀವು ಬಾಡಿಗೆ ಕಟ್ಕೊಂಡು ಷರತ್ತು ಪಾಲಿಸ್ಕೊಂಡು ಇರೋವರೆಗೂ ಕೊನೇ ದಿನದ ತನಕ ಅದು ನಿಮ್ಮ ಸ್ವಾಧೀನದಲ್ಲೇ ಇರುತ್ತೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಎರಡೂ ಕಡೆ ಹೇಳುತ್ತೆ: ಬಾಡಿಗೆದಾರ ಅಡಚಣೆ ಇಲ್ಲದೆ ಇರಬಹುದು, ಹಾಗೇ ಓನರ್ ಅಥವಾ ಅವರ ಕಡೆಯೋರು ಸರಿಯಾದ ಹೊತ್ತಲ್ಲಿ ಬಂದು ಮನೆಯ ಸ್ಥಿತಿ ನೋಡೋಕೆ ಬಿಡಬೇಕು. ಹೊಸ ಬಾಡಿಗೆದಾರರಿಗೆ ಮನೆ ತೋರ್ಸೋ ವಿಷಯಕ್ಕೆ ನಿಮ್ಮ ಅಗ್ರಿಮೆಂಟೇ ಮುಖ್ಯ, ಆ ಹನ್ನೊಂದು ತಿಂಗಳ ಸ್ಟಾಂಪ್ ಪೇಪರ್ ಬೀರುವಿನಿಂದ ತೆಗೆದು ಒಂದ್ಸಲ ಪೂರ್ತಿ ಓದಿ, ಕೆಲವರ ಅಗ್ರಿಮೆಂಟಲ್ಲಿ ಮನೆ ನೋಡೋಕೆ ಬರೋರಿಗೆ ಅವಕಾಶ ಕೊಡಬೇಕು ಅಂತ ಒಂದು ಸಾಲು ಇರುತ್ತೆ, ಕೆಲವರದರಲ್ಲಿ ಆ ಮಾತೇ ಇರಲ್ಲ. ಕೇಂದ್ರ ಸರ್ಕಾರ 2021ರಲ್ಲಿ ತಂದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಓನರ್ ಮನೆಯೊಳಗೆ ಬರೋ ಮುಂಚೆ 24 ಗಂಟೆ ಮೊದಲೇ ಬರವಣಿಗೆಯಲ್ಲೋ ಮೊಬೈಲಲ್ಲೋ ತಿಳಿಸಬೇಕು ಅಂತಿದೆ. ಅದು ಮಾದರಿ ಅಷ್ಟೇ, ರಾಜ್ಯಗಳು ಒಪ್ಪಿಕೊಂಡು ಕಾನೂನು ಮಾಡಿದ್ರೆ ಮಾತ್ರ ಜಾರಿ, ಆದ್ರೆ ಓನರ್ ಹತ್ರ ಮಾತಾಡೋವಾಗ "ಒಂದು ದಿನ ಮುಂಚೆ ಹೇಳಿ ಸಾರ್" ಅನ್ನೋದು ಎಲ್ರೂ ಒಪ್ಪೋ ಮಾತು.

ಇನ್ನು ಓನರ್ ಕಡೆಯಿಂದ ನೋಡಿ. ನೀವು ಹೋದ್ಮೇಲೆ ಮನೆ ಒಂದು ತಿಂಗಳು ಖಾಲಿ ಬಿತ್ತು ಅಂದ್ರೆ ಅವರಿಗೆ ಅಷ್ಟು ಬಾಡಿಗೆ ಹೋಯ್ತು. ಅದಕ್ಕಿಂತ ದೊಡ್ಡ ವಿಷಯ ನಿಮ್ಮ ಅಡ್ವಾನ್ಸ್. ನಮ್ಮೂರಲ್ಲಿ ಬಹಳ ಜನ ಓನರ್‌ಗಳು ಅಡ್ವಾನ್ಸ್ ದುಡ್ಡನ್ನ ಬ್ಯಾಂಕಲ್ಲಿ ಎತ್ತಿಟ್ಟಿರಲ್ಲ, ಹೊಸಬರು ಕೊಡೋ ಅಡ್ವಾನ್ಸಲ್ಲಿ ನಿಮ್ಮದನ್ನ ತೀರಿಸ್ತಾರೆ. ಭೋಗ್ಯದ ಮನೆ ಆದ್ರಂತೂ ಕೇಳೋದೇ ಬೇಡ, ಲಕ್ಷಗಟ್ಟಲೆ ದುಡ್ಡು, ಮುಂದಿನೋರು ಬಂದು ಕಟ್ಟೋವರೆಗೂ ನಿಮ್ಮ ಕೈಗೆ ಸಿಗೋದು ಕಷ್ಟ. ಕಾನೂನು ಪ್ರಕಾರ ಹೊಸಬರು ಸಿಕ್ಕಿಲ್ಲ ಅನ್ನೋದು ನಿಮ್ಮ ದುಡ್ಡು ತಡೆಯೋಕೆ ಕಾರಣ ಆಗಬಾರದು, ಅಗ್ರಿಮೆಂಟಲ್ಲಿ ಇರೋ ಹಾಗೆ ಕೊಡಲೇಬೇಕು, ಆದ್ರೂ ನಡೆಯೋದು ಹಿಂಗೆ. ಅದಕ್ಕೇ ಬರೋರಿಗೆ ಮುಖ ಗಂಟು ಹಾಕ್ಕೊಂಡು ಬಾಗಿಲು ಅರ್ಧ ತೆಗೆಯೋದ್ರಿಂದ ನಿಮಗೇ ನಷ್ಟ.

ಹಂಗಾಗಿ ಮೊದಲು ಮಾಡೋ ಕೆಲಸ, ಮನೆಯೋರೆಲ್ಲ ಕೂತು ಯಾವ ದಿನ ಯಾವ ಹೊತ್ತು ಅಂತ ನಿರ್ಧಾರ ಮಾಡಿ ಓನರ್‌ಗೆ ವಾಟ್ಸಾಪಲ್ಲಿ ಹಾಕಿ. ಫೋನಲ್ಲಿ ಹೇಳಿದ್ರೂ ಆಮೇಲೆ ಮೆಸೇಜ್ ಹಾಕಲೇಬೇಕು, ನಾಳೆ "ನೀವು ಹೇಳೇ ಇಲ್ವಲ್ಲ" ಅನ್ನೋ ಮಾತು ಬರಬಾರದು. ಹಿಂಗೆ ಬರೀಬಹುದು:

"ಸರ್ ನಮಸ್ತೆ. ಮನೆ ನೋಡೋಕೆ ಬರೋರಿಗೆ ಬುಧವಾರ, ಶನಿವಾರ ಸಂಜೆ 5ರಿಂದ 6.30, ಭಾನುವಾರ ಬೆಳಿಗ್ಗೆ 10ರಿಂದ 12.30ರವರೆಗೆ ತೋರಿಸ್ತೀವಿ. ಯಾರು ಬರ್ತಾರೆ ಅಂತ ಹಿಂದಿನ ದಿನ ಒಂದು ಮೆಸೇಜ್ ಹಾಕಿ. ದೂರದಿಂದ ಬರೋರಿದ್ರೆ ಹೇಳಿ, ಬೇರೆ ಟೈಮ್ ಆದ್ರೂ ನೋಡೋಣ. ಬೋರ್ಡಲ್ಲಿ ನಿಮ್ಮ ನಂಬರ್ ಹಾಕಿಸಿ ಸರ್, ಬಾಡಿಗೆ ಅಡ್ವಾನ್ಸ್ ವಿಷಯ ನೀವೇ ಮಾತಾಡಿದ್ರೆ ಒಳ್ಳೇದು."

ಬೋರ್ಡಿನ ನಂಬರ್ ವಿಷಯ ಸಣ್ಣದು ಅನ್ಸುತ್ತೆ ಆದ್ರೆ ಅಲ್ಲ. ಓನರ್ ಬೆಂಗಳೂರಲ್ಲೋ ಮೈಸೂರಲ್ಲೋ ಇದ್ರೆ "ನಿಮ್ಮ ನಂಬರೇ ಹಾಕ್ಬಿಡ್ತೀನಿ, ಮನೇಲೇ ಇರ್ತೀರಲ್ಲ" ಅಂತಾರೆ, ಒಪ್ಪಿದ್ರೆ ದಿನಾ ಇಪ್ಪತ್ತು ಕಾಲ್, ನೀವು ಖಾಲಿ ಮಾಡಿ ಹೋಗಿ ಆರು ತಿಂಗಳಾದ್ರೂ ಯಾರೋ ಹಳೇ ಫೋಟೋ ನೋಡ್ಕೊಂಡು ಫೋನ್ ಮಾಡ್ತಾನೇ ಇರ್ತಾರೆ. ಅದರಲ್ಲೂ ಹೆಂಗಸರ ನಂಬರ್ ರೋಡಿಗೆ ಕಾಣೋ ಬೋರ್ಡಲ್ಲಿ ಖಂಡಿತ ಬೇಡ.

ವಾರಕ್ಕೆ ಮೂರು ಹೊತ್ತು ಕೊಟ್ರೆ ಅದು ನ್ಯಾಯವಾಗೇ ಇದೆ. ಅದಕ್ಕಿಂತ ಕಮ್ಮಿ ಕೊಟ್ರೆ ಓನರ್‌ಗೆ ಕಷ್ಟ, ದಿನಾ ಅಂದ್ರೆ ನಿಮಗೆ ಕಷ್ಟ. ಆದ್ರೆ ಹಗ್ಗ ಹಿಡಿದು ಅಳೆಯೋ ಹಾಗೆ ಇರಬೇಡಿ, ಅರಸೀಕೆರೆಯಿಂದಲೋ ಸಕಲೇಶಪುರದಿಂದಲೋ ಟ್ರಾನ್ಸ್‌ಫರ್ ಆಗಿ ಬಂದೋರು ಬಸ್ಸಿಳಿದು ಸೀದಾ ಬಂದಿರ್ತಾರೆ, ಅವರನ್ನ ಶನಿವಾರ ಬನ್ನಿ ಅಂತ ವಾಪಸ್ ಕಳ್ಸೋದು ಸರಿ ಕಾಣಲ್ಲ, ಐದು ನಿಮಿಷ ಹೊರಗೆ ಕೂರಿಸಿ ಮನೆ ಸ್ವಲ್ಪ ಸರಿ ಮಾಡ್ಕೊಂಡು ತೋರ್ಸಿ ಕಳ್ಸಿ. ಕಾಯಿಲೆ ಬಿದ್ದೋರಿದ್ರೆ, ಮಕ್ಕಳಿಗೆ ಪರೀಕ್ಷೆ ಇದ್ರೆ, ಬಾಣಂತಿ ಇದ್ರೆ ಇವತ್ತು ಆಗಲ್ಲ ಅನ್ನೋಕೆ ಸಂಕೋಚ ಬೇಡ.

ಕಾಲ ನೋಡ್ಕೊಂಡೂ ಲೆಕ್ಕ ಹಾಕ್ಬೇಕು. ಏಪ್ರಿಲ್ ಮೇ ಅಂದ್ರೆ ಸ್ಕೂಲ್ ಶುರುವಾಗೋ ಮುಂಚೆ ಸೇರ್ಕೋಬೇಕು ಅಂತ ಜನ ಮುಗಿಬೀಳ್ತಾರೆ, ಆಗ ಬೇಗ ಮನೆ ಹೋಗುತ್ತೆ, ತೋರ್ಸೋ ಕಷ್ಟ ಕಮ್ಮಿ ದಿನದಲ್ಲಿ ಮುಗಿಯುತ್ತೆ. ಆಷಾಢದಲ್ಲಿ ನೋಡೋಕೆ ಬರ್ತಾರೆ ಆದ್ರೆ ಹಾಲು ಉಕ್ಕಿಸೋದು ಶ್ರಾವಣಕ್ಕೇ ಅಂತಾರೆ, ಹಂಗಾಗಿ ನಿಮ್ಮ ನೋಟಿಸ್ ಆಷಾಢದ ಮಧ್ಯೆ ಮುಗಿಯೋ ಹಾಗಿದ್ರೆ ಅಡ್ವಾನ್ಸ್ ಯಾವಾಗ ಅಂತ ಓನರ್ ಹತ್ರ ಮೊದಲೇ ತಾರೀಖು ಸಮೇತ ಮಾತಾಡ್ಕೊಳ್ಳಿ. ದೀಪಾವಳಿ ಹೊತ್ತಲ್ಲಿ ಹಾಸನಾಂಬೆ ಗುಡಿ ಬಾಗಿಲು ತೆಗೆದಿರೋ ದಿನಗಳಲ್ಲಂತೂ ಊರ ತುಂಬ ಜನ, ಮನೆ ತುಂಬ ನೆಂಟರು, ಆಗ ಒಂದು ವಾರ ಬೇಡ ಅಂತ ಮೊದಲೇ ಹೇಳ್ಬಿಡಿ.

ಬರೋ ದಿನ ಮನೆ ಹೆಂಗಿರಬೇಕು? ಶೋರೂಮ್ ಥರ ಏನೂ ಬೇಡ, ನೀವಿನ್ನೂ ವಾಸ ಮಾಡ್ತಿರೋ ಮನೆ ಅದು. ಸಿಂಕಲ್ಲಿ ಪಾತ್ರೆ ಇಲ್ಲದೆ, ಬಚ್ಚಲು ತೊಳೆದು, ನೆಲ ಒಂದ್ಸಲ ಒರೆಸಿ, ಕಿಟಕಿ ತೆಗೆದು ಲೈಟ್ ಹಾಕಿದ್ರೆ ಸಾಕು. ಬೀರು ಬೀಗ ಹಾಕಿ ಕೀ ನಿಮ್ಮ ಹತ್ರ ಇಟ್ಕೊಳ್ಳಿ, ಟಿವಿ ಪಕ್ಕ ಇಟ್ಟಿರೋ ವಾಚು, ದೇವರ ಮನೆಯ ಬೆಳ್ಳಿ ದೀಪ, ಮೇಜಿನ ಮೇಲಿನ ಬ್ಯಾಂಕ್ ಪಾಸ್‌ಬುಕ್, ಆಧಾರ್ ಇವೆಲ್ಲ ಒಳಗೆ. ಬರೋರು ಕೆಟ್ಟೋರು ಅಂತ ಅಲ್ಲ, ನಾಳೆ ಏನೋ ಕಾಣ್ಲಿಲ್ಲ ಅಂದ್ರೆ ಸುಮ್ನೆ ಇದ್ದೋರ ಮೇಲೆ ಅನುಮಾನ ಬರುತ್ತಲ್ಲ, ಅದು ಅವರಿಗೂ ಅನ್ಯಾಯ.

ಮನೆ ನೋಡೋರು ಏನು ನೋಡ್ತಾರೆ ಗೊತ್ತಾ? ಗಂಡಸರು ಹಾಲಲ್ಲಿ ನಿಂತು ಪಾರ್ಕಿಂಗ್ ಕೇಳ್ತಾರೆ. ಜೊತೆಗೆ ಬಂದಿರೋ ಅಮ್ಮ ಸೀದಾ ಅಡುಗೆ ಮನೆಗೆ ಹೋಗಿ ನಲ್ಲಿ ತಿರುಗಿಸಿ ನೀರಿನ ರಭಸ ನೋಡ್ತಾರೆ, ಒಲೆ ಯಾವ ದಿಕ್ಕಿಗಿದೆ ನೋಡ್ತಾರೆ, ಸಿಂಕ್ ಕೆಳಗೆ ಬಗ್ಗಿ ಪೈಪ್ ಮುಟ್ತಾರೆ, ಆಮೇಲೆ ರೂಮಿನ ಗೋಡೆ ಮೂಲೇಲಿ ಕೈ ಇಟ್ಟು ತೇವ ಇದೆಯಾ ಅಂತ ನೋಡಿ, ಕೊನೆಗೆ ಮೆತ್ತಗೆ ಕೇಳ್ತಾರೆ "ನೀರು ಎಷ್ಟು ದಿನಕ್ಕೊಂದ್ಸಲ ಬಿಡ್ತಾರೆ? ನೀವ್ಯಾಕೆ ಬಿಡ್ತಿದೀರಾ?" ಈ ಎರಡು ಪ್ರಶ್ನೆಗೆ ಏನು ಹೇಳ್ಬೇಕು ಅಂತ ಮೊದಲೇ ಯೋಚ್ನೆ ಮಾಡಿರಿ.

ನನ್ನ ಪ್ರಕಾರ ಕಂಡಿದ್ದನ್ನ ಕಂಡ ಹಾಗೆ ಹೇಳೋದೇ ಸರಿ. ಸಂಪಲ್ಲಿ ನೀರು ಎಷ್ಟು ದಿನ ಬರುತ್ತೆ, ಬೋರ್ ಇದೆಯಾ, ಕರೆಂಟ್ ಮೀಟರ್ ಬೇರೆನಾ, ಮಳೆಗಾಲದಲ್ಲಿ ರೂಮಿನ ಗೋಡೆ ಒದ್ದೆ ಆಗುತ್ತಾ, ಇದೆಲ್ಲ ಕೇಳಿದ್ರೆ ನಿಜ ಹೇಳಿ. ಗೋಡೆ ಸೋರೋದನ್ನ ಕ್ಯಾಲೆಂಡರ್ ನೇತು ಹಾಕಿ ಮುಚ್ಚಿ ಯಾರೋ ಒಬ್ರು ಪುಟ್ಟ ಮಗು ಕಟ್ಕೊಂಡು ಬಂದು ಜುಲೈನಲ್ಲಿ ಅನುಭವಿಸೋ ಹಾಗೆ ಮಾಡೋದು ಬೇಡ, ಆ ಜಾಗದಲ್ಲಿ ನೀವೂ ಒಂದಿನ ಇದ್ರಿ. ಹಾಗಂತ ಓನರ್ ಮೇಲಿನ ಸಿಟ್ಟನ್ನೆಲ್ಲ ಬಂದೋರ ಮುಂದೆ ಕಾರ್ಕೋಬೇಡಿ, "ಮಳೆ ಜೋರಾದಾಗ ಈ ಮೂಲೆ ಒದ್ದೆ ಆಗುತ್ತೆ, ರಿಪೇರಿ ಬಗ್ಗೆ ಓನರ್ ಹತ್ರ ಕೇಳಿ" ಅಂದ್ರೆ ಸಾಕು. ಯಾಕೆ ಬಿಡ್ತಿದೀರಾ ಅಂದ್ರೆ ಕೆಲಸ, ಸ್ಕೂಲು, ಸ್ವಂತ ಮನೆ, ಏನು ನಿಜವೋ ಅದು ಒಂದು ಸಾಲಲ್ಲಿ. ಬಾಡಿಗೆ ಎಷ್ಟು ಹೆಚ್ಚು ಕಮ್ಮಿ ಆಗುತ್ತೆ ಅಂತ ಮಾತ್ರ ನೀವು ಬಾಯಿ ಹಾಕ್ಬೇಡಿ, ಅದು ಅವರಿಬ್ಬರ ವ್ಯವಹಾರ.

ಇನ್ನೊಂದು ಮಾತು, ಇದನ್ನ ಹೇಳಲೇಬೇಕು. "ಬಂದೋರು ಯಾವ ಜನ ಅಂತ ಮೊದಲೇ ಕೇಳಿ, ಇಂಥೋರಾದ್ರೆ ಆಗ್ಲೇ ಹೋಗಿದೆ ಅಂತ ಹೇಳ್ಬಿಡಿ" ಅಂತ ಕೆಲವು ಓನರ್ ಬಾಡಿಗೆದಾರರ ಕೈಲಿ ಹೇಳಿಸ್ತಾರೆ. ದಯವಿಟ್ಟು ಆ ಕೆಲಸ ತಗೋಬೇಡಿ. ಜಾತಿ ಕೇಳಿ ಬಾಗಿಲಿಂದ ಕಳ್ಸಿದ್ರೆ ಬಂದೋರಿಗೆ ಆಗೋ ನೋವು ತುಂಬಾ ದಿನ ಉಳಿಯುತ್ತೆ, ಅದನ್ನ ನಿಮ್ಮ ಬಾಯಲ್ಲಿ ಆಡಿಸೋಕೆ ಯಾರಿಗೂ ಹಕ್ಕಿಲ್ಲ. "ನಾನು ಮನೆ ತೋರಿಸ್ತೀನಿ ಸರ್, ಮಿಕ್ಕಿದ್ದು ನಾನು ಕೇಳಲ್ಲ" ಅಂತ ನೇರವಾಗಿ ಹೇಳಿ, ಬಂದೋರಿಗೆಲ್ಲ ಒಂದೇ ಥರ ತೋರ್ಸಿ.

ಫೋಟೋ ವಿಡಿಯೋ ವಿಷಯಕ್ಕೆ ಸ್ವಲ್ಪ ಗಟ್ಟಿಯಾಗೇ ಇರಿ. ಬ್ರೋಕರ್‌ಗಳು ಒಳಗೆ ಬಂದ ತಕ್ಷಣ ಮೊಬೈಲ್ ಎತ್ತಿ ಹಾಲಿಂದ ಬೆಡ್‌ರೂಮಿಗೆ ವಿಡಿಯೋ ಮಾಡ್ಕೊಂಡು ಹೋಗ್ತಾರೆ, ಸಂಜೆಗೆ ಅದು ಯಾವ್ಯಾವ ಗ್ರೂಪಲ್ಲಿ ಓಡಾಡ್ತಿರುತ್ತೆ ಗೊತ್ತಾಗಲ್ಲ, ನಿಮ್ಮ ಮಕ್ಕಳ ಫೋಟೋ, ಬೀರು ಇರೋ ಜಾಗ, ಕಿಟಕಿ ಸರಳು ಎಲ್ಲ ಅದರಲ್ಲಿ. ಮೊದಲೇ ಕೇಳಿ ನಿಲ್ಲಿಸಿ, ಬೇಕೇ ಬೇಕು ಅಂದ್ರೆ ನೀವೇ ಸಾಮಾನು ಪಕ್ಕಕ್ಕಿಟ್ಟು ನಾಲ್ಕು ಫೋಟೋ ತೆಗೆದು ಓನರ್‌ಗೆ ಕಳ್ಸಿ, ಅವರು ಯಾರಿಗೆ ಬೇಕೋ ಕಳಿಸಲಿ. ಇದರಿಂದ ಸುಮ್ನೆ ನೋಡೋಕೆ ಬರೋರೂ ಕಮ್ಮಿ ಆಗ್ತಾರೆ.

ಕೀ ಮಾತ್ರ ಬ್ರೋಕರ್ ಕೈಗೆ ಕೊಡಬೇಡಿ. ಊರಿಗೆ ಹೋಗ್ಬೇಕಾಗಿ ಬಂದ್ರೆ ನಂಬಿಕೆ ಇರೋ ಪಕ್ಕದ ಮನೆಯೋರಿಗೋ, ಓನರ್ ಮನೆಯೋರಿಗೋ ಕೊಟ್ಟು ಯಾರು ಯಾವಾಗ ಬರ್ತಾರೆ ಅಂತ ಹೇಳಿ ಹೋಗಿ. ಹೆಂಗಸರು ಒಬ್ರೇ ಇದ್ರೆ ಗೊತ್ತಿಲ್ಲದೋರಿಗೆ ಬಾಗಿಲು ತೆಗೆಯೋ ಮುಂಚೆ ಓನರ್‌ಗೆ ಫೋನ್ ಮಾಡಿ ಹೆಸರು ಕೇಳ್ಕೊಳ್ಳಿ, ಮೇಲಿನ ಮನೆ ಆಂಟಿನ ಐದು ನಿಮಿಷ ಕರೆದು ಕೂರಿಸ್ಕೊಳ್ಳಿ, ಅವರೂ ಖುಷಿಯಾಗೇ ಬರ್ತಾರೆ. ತೋರ್ಸೋವಾಗ ಬಂದೋರು ಮುಂದೆ, ನೀವು ಹಿಂದೆ, ಮುಂಬಾಗಿಲು ತೆಗೆದೇ ಇರಲಿ. ಬೇಡ ಅಂದ್ರೂ ಯಾರಾದ್ರೂ ನುಗ್ಗೋಕೆ ನೋಡಿದ್ರೆ 112ಕ್ಕೆ ಫೋನ್ ಮಾಡೋಕೆ ಹಿಂಜರಿಯಬೇಡಿ.

ಓನರ್ ಪದೇ ಪದೇ ಹೇಳದೇ ಕಳಿಸ್ತಿದ್ರೆ ಬಾಗಿಲಲ್ಲಿ ಬಂದೋರ ಮೇಲೆ ರೇಗಬೇಡಿ, ಅವರಿಗೇನು ಗೊತ್ತು ಪಾಪ. ಅವತ್ತೇ ಸಂಜೆ ಓನರ್‌ಗೆ "ಸರ್, ಇವತ್ತು ಮಧ್ಯಾಹ್ನ 2.30ಕ್ಕೆ ಹೇಳದೆ ಒಬ್ರು ಬಂದ್ರು, ನಾವು ಮಾತಾಡಿದ ಟೈಮ್ ಮೇಲೆ ಇದೆ, ದಯವಿಟ್ಟು ಅದೇ ಟೈಮಿಗೆ ಕಳ್ಸಿ" ಅಂತ ಹಾಕಿ. ಎರಡು ಮೂರು ಸಲ ಹಿಂಗೆ ಬರಹದಲ್ಲಿ ಹೋದ್ರೆ ಬಹಳ ಜನ ಸರಿ ಹೋಗ್ತಾರೆ.

ಗೀಸರ್, ಕರ್ಟನ್ ರಾಡ್, ಯುಪಿಎಸ್ ಥರದ ನಿಮ್ಮ ಸಾಮಾನು ಹೊಸಬರಿಗೆ ಮಾರಬೇಕು ಅಂತಿದ್ರೆ ಮನೆ ನೋಡೋವಾಗ ಒತ್ತಾಯ ಮಾಡ್ಬೇಡಿ, ಅವರು ಮನೆ ಒಪ್ಪಿ ಆದ್ಮೇಲೆ ಕೇಳಿ, ಬೇಡ ಅಂದ್ರೆ ಬಿಚ್ಕೊಂಡು ಹೋಗಿ.

ಯಾರಾದ್ರೂ ಟೋಕನ್ ಕೊಟ್ರು ಅಂತ ಗೊತ್ತಾದ ತಕ್ಷಣ ಬೋರ್ಡ್ ತೆಗೆಸಿ, ಬ್ರೋಕರ್‌ಗಳಿಗೂ ಹೇಳಿಸಿ, ಇನ್ನು ತೋರ್ಸಲ್ಲ ಅಂತ ಓನರ್‌ಗೆ ಮೆಸೇಜ್ ಹಾಕಿ. ಹೊಸಬರು ಮಂಚ ಹಿಡಿಯುತ್ತಾ, ಫ್ರಿಜ್ ಎಲ್ಲಿಡೋದು ಅಂತ ಅಳತೆಗೆ ಇನ್ನೊಂದ್ಸಲ ಬರ್ತೀವಿ ಅಂದ್ರೆ ಬರಲಿ, ಅದು ನ್ಯಾಯ. ಅವತ್ತೇ ನೀವು ಯಾವ ದಿನ ಬಿಡ್ತೀರಾ, ಅವರು ಯಾವತ್ತು ಹಾಲು ಉಕ್ಕಿಸ್ತಾರೆ, ಮಧ್ಯೆ ಸುಣ್ಣ ಬಣ್ಣಕ್ಕೆ ಎಷ್ಟು ದಿನ, ಅದರ ಖರ್ಚು ನಿಮ್ಮ ಅಡ್ವಾನ್ಸಲ್ಲಿ ಎಷ್ಟು ಹಿಡೀತಾರೆ ಅಂತ ಮೂರು ಜನ ಎದುರು ಬದುರು ಮಾತಾಡಿ ಬರೆದಿಟ್ಕೊಳ್ಳಿ, ಗೃಹಜ್ಯೋತಿ ನಿಮ್ಮ ಹೆಸರಲ್ಲಿದ್ರೆ ಆ ಮೀಟರಿಂದ ಬಿಡಿಸೋದನ್ನೂ ಮರೀಬೇಡಿ, ಇಲ್ಲಾಂದ್ರೆ ಅವರಿಗೂ ನಿಮಗೂ ಅರ್ಜಿ ಹಾಕೋವಾಗ ತೊಂದ್ರೆ.