ಪುಟಕ್ಕೆ 10 ಪೈಸೆ, ಪುಸ್ತಕಕ್ಕೆ 150 ರೂಪಾಯಿ

ನನ್ನ ಎರಡು ಇ-ಪುಸ್ತಕಗಳಿವೆ. ಇಂಗ್ಲಿಷಿನದು ಚಿಕ್ಕಮಗಳೂರಿನ ಗಿರಿ ಸುತ್ತಲು ಬರುವವರಿಗೆ. ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ, ಕೆಮ್ಮಣ್ಣುಗುಂಡಿ ಎಲ್ಲ ಅದರಲ್ಲಿದೆ. ಅದನ್ನು ಕಿಂಡಲ್ ಅನ್‌ಲಿಮಿಟೆಡ್‌ಗೆ ಹಾಕಿದ್ದೇನೆ. ತಿಂಗಳ ಚಂದಾ ಕಟ್ಟಿದವರು ಅದರಲ್ಲಿರುವ ಪುಸ್ತಕಗಳನ್ನು ಓದಬಹುದಾದ ಅಮೆಜಾನ್ ಸೇವೆ ಅದು. ಕನ್ನಡದ್ದು ಸಣ್ಣ ಬೆಳೆಗಾರರಿಗೆ, ಕಾಫಿ-ಮೆಣಸಿನ ರೋಗಗಳ ಬಗ್ಗೆ. ಅದನ್ನು ವಾಟ್ಸ್ಆ್ಯಪ್‌ನಲ್ಲಿ ನಾನೇ ಮಾರುತ್ತೇನೆ. ನಾನು ಹಾಕುವಾಗ ಕಿಂಡಲ್‌ನ ಪಟ್ಟಿಯಲ್ಲಿ ಹಿಂದಿ, ತಮಿಳು, ಮಲಯಾಳ, ಮರಾಠಿ, ಗುಜರಾತಿ ಇದ್ದವು, ಕನ್ನಡ ಇರಲಿಲ್ಲ. ಹಾಗಾಗಿ ಬೇರೆ ದಾರಿಯೂ ಇರಲಿಲ್ಲ.

ಚಂದಾದಲ್ಲಿ ಓದುಗರು ನಿಮ್ಮ ಪುಸ್ತಕ ಇಳಿಸಿಕೊಂಡರೆ ನಿಮಗೆ ಏನೂ ಬರುವುದಿಲ್ಲ. ಓದಿದ ಪುಟಕ್ಕಷ್ಟೇ ದುಡ್ಡು. 2015ರ ಜುಲೈಯಿಂದ ಇದೇ ಪದ್ಧತಿ. ಪ್ರತಿ ತಿಂಗಳು ಅಮೆಜಾನ್ ಒಂದು ಮೊತ್ತ ತೆಗೆದಿಟ್ಟು ಎಲ್ಲ ಲೇಖಕರ ಪುಟಗಳ ಮೇಲೆ ಹಂಚುತ್ತದೆ, ಆದ್ದರಿಂದ ದರ ಏರಿಳಿಯುತ್ತದೆ. ಪುಟಕ್ಕೆ 10 ಪೈಸೆ ಅಂತ ಇಟ್ಟುಕೊಳ್ಳಿ. 200 ಪುಟ ಪೂರ್ತಿ ಓದಿದರೆ 20 ರೂಪಾಯಿ. ಅದೇ ಓದುಗ ಎರಡನೇ ಸಲ ಓದಿದರೆ ಸೊನ್ನೆ.

ಆದರೆ ಪ್ರವಾಸದ ಪುಸ್ತಕವನ್ನು ಯಾರು ಪೂರ್ತಿ ಓದುತ್ತಾರೆ, ಹೇಳಿ? ಮುಳ್ಳಯ್ಯನಗಿರಿಗೆ ಹೊರಟವರು ಆ ನಾಲ್ಕು ಪುಟ ನೋಡಿ ಮುಚ್ಚುತ್ತಾರೆ. ಅವರಿಗೆ ಕೆಲಸ ಆಯಿತು, ನನಗೆ 40 ಪೈಸೆ. ಹಾಸನದ ಗೆಳೆಯರೊಬ್ಬರು ಇಂಗ್ಲಿಷಿನಲ್ಲಿ ಪತ್ತೇದಾರಿ ಕಾದಂಬರಿ ಬರೆಯುತ್ತಾರೆ. ಅವರಿಗೆ ಚಂದಾವೇ ಲಾಭ. ಕೊಲೆಗಾರ ಯಾರು ಅಂತ ಗೊತ್ತಾಗುವವರೆಗೆ ಯಾರೂ ಬಿಡುವುದಿಲ್ಲ ಅಲ್ವಾ, ಜೊತೆಗೆ ಒಂದು ಹಿಡಿಸಿದರೆ ಉಳಿದ ಕಾದಂಬರಿಗಳನ್ನೂ ಓದುತ್ತಾರೆ.

ಕನ್ನಡದ ಪುಸ್ತಕದ ಕಥೆ ಬೇರೆ. "ಅಣ್ಣ, ಮೆಣಸಿನ ಬಳ್ಳಿ ಸೊರಗ್ತಿದೆ, ನಿಮ್ಮ ಪುಸ್ತಕದಲ್ಲಿ ಅದಿದೆಯಾ?" ಅಂತ ಮೆಸೇಜ್ ಬರುತ್ತದೆ. ಇದೆ ಅಂದರೆ 150 ರೂಪಾಯಿ ಯುಪಿಐನಲ್ಲಿ ಬಂತು, ಪಿಡಿಎಫ್ ಹೋಯಿತು. ಅವರೂ ಓದುವುದು ಬೋರ್ಡೋ ದ್ರಾವಣದ (ಮೈಲುತುತ್ತ-ಸುಣ್ಣದ ಸಿಂಪಡಣೆ) ಮೂರು ಪುಟ ಅಷ್ಟೇ. ಆದರೆ ಅವರು ಕೊಡುವುದು ಪುಟಕ್ಕಲ್ಲ, ಬಳ್ಳಿ ಉಳಿಯಲಿ ಅಂತ. ಕೊಯ್ಲು ಮುಗಿದು ಕೈಯಲ್ಲಿ ದುಡ್ಡಿರುವಾಗಿನಿಂದ ಮುಂಗಾರಿನ ಮುಂಚಿನ ಸಿಂಪಡಣೆವರೆಗೆ ಜಾಸ್ತಿ ಹೋಗುತ್ತದೆ. ಆಮೇಲೆ ತಣ್ಣಗೆ.

ಕಿರಿಕಿರಿಯೂ ಇದೆ. ರಾತ್ರಿ ಹತ್ತಕ್ಕೆ ಫೈಲ್ ತೆರೆಯುತ್ತಿಲ್ಲ ಅನ್ನುವವರು, ತೋಟದಲ್ಲಿ ನೆಟ್‌ವರ್ಕ್ ಇಲ್ಲದವರು, ಪಿಡಿಎಫ್ ಅನ್ನು ಬೆಳೆಗಾರರ ಗ್ರೂಪಿಗೆ ಸುಮ್ನೆ ತಳ್ಳುವವರು. ಈಗ ಪ್ರತಿ ಪುಟದ ಕೆಳಗೆ ಕೊಂಡವರ ಹೆಸರು ಹಾಕಿ ಕಳಿಸುತ್ತೇನೆ. ತಳ್ಳುವುದು ನಿಂತಿಲ್ಲ, ಕಡಿಮೆಯಾಗಿದೆ. ಆದರೂ ಕೊಂಡವರ ನಂಬರ್ ನನ್ನ ಹತ್ತಿರ ಇರುತ್ತದೆ, ಅಧ್ಯಾಯ ತಿದ್ದಿದಾಗ ಅವರಿಗೆ ಕಳಿಸಬಹುದು. ಕಿಂಡಲ್‌ನಲ್ಲಿ ನನ್ನ ಓದುಗರು ಯಾರು ಅಂತ ನನಗೇ ಗೊತ್ತಾಗುವುದಿಲ್ಲ.

ಇಷ್ಟಾದರೂ ಇಂಗ್ಲಿಷ್ ಪುಸ್ತಕವನ್ನು ಚಂದಾದಿಂದ ತೆಗೆದಿಲ್ಲ. ಭಾರತದಲ್ಲಿ ಕಿಂಡಲ್ ಮಾರಾಟಕ್ಕೆ 70 ಶೇಕಡಾ ಗೌರವಧನ ಬೇಕೆಂದರೆ ಪುಸ್ತಕವನ್ನು ಚಂದಾಕ್ಕೆ ಸೇರಿಸುವ ಒಪ್ಪಂದದಲ್ಲಿ (ಕೆಡಿಪಿ ಸೆಲೆಕ್ಟ್) ಇರಬೇಕು, ಇಲ್ಲದಿದ್ದರೆ 35. ಒಪ್ಪಂದ 90 ದಿನದ್ದು, ನಾವಾಗಿ ತಪ್ಪಿಸದಿದ್ದರೆ ತಾನೇ ಮುಂದುವರಿಯುತ್ತದೆ. ಅಷ್ಟು ದಿನ ಆ ಇ-ಪುಸ್ತಕವನ್ನು ಬೇರೆಲ್ಲೂ ಮಾರುವಂತಿಲ್ಲ, ನಮ್ಮ ವಾಟ್ಸ್ಆ್ಯಪ್‌ನಲ್ಲೂ. ಅಚ್ಚಿನ ಪ್ರತಿಗೆ ಅಡ್ಡಿಯಿಲ್ಲ. ಇನ್ನೊಂದು, 70 ಶೇಕಡಾ ಲೆಕ್ಕದಲ್ಲಿ ಪ್ರತಿ ಮಾರಾಟಕ್ಕೂ ಫೈಲಿನ ಎಂಬಿಗೆ 7 ರೂಪಾಯಿ ಮುರಿಯುತ್ತಾರೆ. ಗಿರಿಗಳ ಫೋಟೊ ತುಂಬಿದ್ದರೆ ಮೊದಲು ಅದನ್ನು ಕುಗ್ಗಿಸಿ, ಆಮೇಲೆ ಹಾಕಿ.